ಅಕ್ಕನ ಮನೆ ಕಡೆಗಿದ್ದ ಹಾರ್ನು

ಮೈಕ್ ಸೆಟ್ಟಿನ ಒಂದು ಹಾರ್ನನ್ನು ಬಿಚ್ಚಿ ಇನ್ನೊಂದು ಕಡೆಗೆ ತಿರುಗಿಸಿ ಕಟ್ಟಿದ್ದರೆ ಸಾಕಾಗಿತ್ತು. ಮರ ಹತ್ತುವುದು, ಬೋಲ್ಟು ಸಡಿಲ ಮಾಡುವುದು, ತಿರುಗಿಸಿ ಬಿಗಿದು ಇಳಿಯುವುದು. ಒಂದು ಬೀಡಿ ಸೇದುವಷ್ಟು ಹೊತ್ತಿನ ಕೆಲಸ. ಕೇಳಿದವಳು ನನ್ನ ಒಡಹುಟ್ಟಿದ ಅಕ್ಕ. ನಾನು ಮಾಡಿಕೊಡಲಿಲ್ಲ. ಸಾಲದ್ದಕ್ಕೆ ಅವಳ ಮೇಲೆ ಒಂದು ಮಾತನ್ನೂ ಆಡಿದೆ. ಆ ಮಾತಿನ ಬಗ್ಗೆ ಎಲ್ಲರಿಗೂ ಒಂದು ಸುಳ್ಳು ಹೇಳಿಕೊಂಡು ಬಂದೆ.

ಹೊನ್ನಾಳಿಯಲ್ಲಿ ಹೊಸದಾಗಿ ಸೌಂಡ್ ಸರ್ವಿಸ್ ಅಂಗಡಿ ಇಟ್ಟವರು ಕೆಲವರು, "ಹಾಲೇಶಣ್ಣ, ನಿನ್ನ ಕಾಲದಾಗೆ ಹೆಂಗಿತ್ತು ಅಂತ ಬರ್ದು ಕೊಡು" ಎಂದು ಕೇಳುತ್ತಿದ್ದರು. ನಾನು ಓದಿದ್ದು ಐದನೇ ಕ್ಲಾಸು. ಬರೆದದ್ದೆಂದರೆ ಹಾರ್ನಿನ ಮೇಲೆ ಬಿಳಿ ಪೇಂಟಿನಲ್ಲಿ ಅಂಗಡಿಯ ಹೆಸರು, ಅಷ್ಟೆ. ಆದರೂ ಬರೆಯುತ್ತಿದ್ದೇನೆ. ಈ ಕೆಲಸದಲ್ಲಿ ಏನೇನು ಕಲಿತೆ ಎನ್ನುವುದರ ಜೊತೆಗೆ, ಕಲಿತದ್ದನ್ನು ಅಕ್ಕನ ವಿಷಯದಲ್ಲಿ ಹೇಗೆ ಮರೆತೆ ಎನ್ನುವುದನ್ನೂ ಹೇಳಬೇಕು. ಅದನ್ನು ಬಿಟ್ಟು ಹೇಳಿದರೆ ಮಿಕ್ಕದ್ದು ಬರೀ ಬಡಾಯಿಯಾಗುತ್ತದೆ.

ನಮ್ಮೂರು ಗೋವಿನಕೋವಿಯಿಂದ ಒಳಗೆ, ಕೆರೆಯ ಪಕ್ಕದಲ್ಲಿರುವ ಸಣ್ಣ ಊರು. ಅಕ್ಕನ ಹೆಸರು ಪಾರ್ವತಮ್ಮ, ಊರಿಗೆಲ್ಲ ಪಾರಕ್ಕ. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಸೊಂಟದ ಮೇಲಿಟ್ಟುಕೊಂಡು ಸಾಕಿದವಳು ಅವಳೇ. ಅವಳನ್ನು ಜಗಳೂರು ಸೀಮೆಗೆ ಮದುವೆ ಮಾಡಿ ಕೊಟ್ಟ ಮೇಲೆ ನಾನು ಶಾಲೆ ಬಿಟ್ಟು ಹೊನ್ನಾಳಿಯ ಮೈಕ್ ಸೆಟ್ ಅಂಗಡಿಗೆ ಸೇರಿದೆ. ಅಂಗಡಿಯ ಮಾಲೀಕರನ್ನು ನಾವು ಯಜಮಾನ್ರು ಎಂದೇ ಕರೆಯುತ್ತಿದ್ದೆವು. ನಶ್ಯ ಏರಿಸುವ, ಬೈಯುವಾಗಲೂ ದನಿ ಎತ್ತದ ಮನುಷ್ಯ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ನನ್ನ ಕೈಗೆ ವೈರು ಕೊಡಲಿಲ್ಲ. ತುಂಗಭದ್ರೆಯ ದಂಡೆಗೆ ಕರೆದುಕೊಂಡು ಹೋಗಿ ನಿಲ್ಲಿಸಿ, "ಕಣ್ಣು ಮುಚ್ಕೊ. ಏನೇನು ಕೇಳ್ತೈತೆ ಹೇಳು" ಎಂದರು.

"ನದಿ ಕೇಳ್ತೈತ್ರೀ."

"ಆಮೇಲೆ?"

"ಆಮೇಲೆ ಏನೂ ಇಲ್ರೀ."

"ಆ ದಂಡ್ಯಾಗೆ ಒಬ್ಬಾಕಿ ಬಟ್ಟೆ ಒಗೀತಾ ಮಗಳಿಗೆ ಬೈತಾಳೆ. ಏನಂತ ಬೈತಾಳೆ ಅಂತಾನೂ ನನಗೆ ಕೇಳ್ತೈತೆ. ನೀರಿನ ಮೇಲೆ ಸದ್ದು ಜಾರಿಕಂಡು ಬರ್ತೈತಪ್ಪ. ಕೆರೆ, ಹೊಳೆ ಕಡೀಗೆ ಹಾರ್ನ್ ಕಟ್ಟೋ ಮುಂಚೆ ಆ ದಂಡ್ಯಾಗೆ ಯಾರಿದಾರೆ ಅಂತ ಕೇಳ್ಕೋಬೇಕು."

ಮೈಕಿನವನು ಮೊದಲು ಕೇಳಿಸಿಕೊಳ್ಳುವವನಾಗಬೇಕು, ಆಮೇಲೆ ಕೇಳಿಸುವವನು. ಇದು ಅವರ ಪಾಠ. ಆಗ ನನಗೆ ಅದು ವಯಸ್ಸಾದವರ ಮಾತು ಅನ್ನಿಸಿತ್ತು. ನನಗೆ ಬೇಕಾಗಿದ್ದು ಹಾಡಿನ ಪ್ಲೇಟು, ಅದರ ಮೇಲೆ ಓಡುವ ಮುಳ್ಳು, ಮತ್ತು ಇಡೀ ಊರು ತಿರುಗಿ ನೋಡುವಂಥ ಸದ್ದು.

ಸಂತೇಬೆನ್ನೂರಿನಲ್ಲಿ ಹೊಂಡದ ಹತ್ತಿರ ಒಂದು ಸಮಾರಂಭವಿತ್ತು. ಅಷ್ಟೊತ್ತಿಗೆ ನಾನು ಒಬ್ಬನೇ ಹೋಗಿ ಸೆಟ್ ಹಾಕುವಷ್ಟು ಕಲಿತಿದ್ದೆ. ಅಂಗಡಿಯಲ್ಲಿದ್ದ ಹಾರ್ನುಗಳನ್ನೆಲ್ಲ ಒಯ್ದು ನಾಲ್ಕೂ ದಿಕ್ಕಿಗೆ ಕಟ್ಟಿದೆ. ಭಾಷಣಕಾರರು "ಬಂಧುಗಳೇ" ಎಂದರೆ ಹೊಂಡದ ಕಲ್ಲು "ಬಂಧುಗಳೇ" ಎಂದಿತು, ಆಚೆಯ ಕಟ್ಟೆ ಇನ್ನೊಂದು ಸಲ "ಬಂಧುಗಳೇ" ಎಂದಿತು. ಅವರು ಮೊದಮೊದಲು ಜನರೇ ಜೈಕಾರ ಹಾಕುತ್ತಿದ್ದಾರೆ ಎಂದುಕೊಂಡು ಕೈಮುಗಿದರು. ಆಮೇಲೆ ಸಿಟ್ಟು ಬಂದು, "ಯಾರ್ರೀ ಅದು ನನ್ನ ಅಣಕಿಸೋದು?" ಎಂದು ಗದರಿದರು. ಅದನ್ನೂ ಕಲ್ಲು ತಿರುಗಿ ಕೇಳಿತು. ಯಜಮಾನ್ರು ಎಲ್ಲಿದ್ದರೋ, ಬಂದು ಹಾರ್ನುಗಳ ವೈರು ಕಿತ್ತು, ಒಂದನ್ನು ಮಾತ್ರ ಉಳಿಸಿ, ಸದ್ದನ್ನು ಅರ್ಧಕ್ಕೆ ಇಳಿಸಿದರು. ಕಡೆಯ ಸಾಲಿನಲ್ಲಿ ಕೂತ ಮುದುಕರಿಗೂ ಮಾತು ತಿಳಿಯಿತು. ಜಾಸ್ತಿ ಸದ್ದು ಮಾಡಿದರೆ ಜಾಸ್ತಿ ಕೇಳಿಸುತ್ತದೆ ಎನ್ನುವುದು ಸುಳ್ಳು ಎಂದು ಅಂದು ಕಣ್ಣಾರೆ ನೋಡಿದೆ.

ಚನ್ನಗಿರಿ ಕಡೆಯ ಒಂದು ಹಳ್ಳಿಯಲ್ಲಿ ಇನ್ನೊಂದು ಫಜೀತಿ. ಯಾರೋ ತೀರಿಕೊಂಡರೆ ಆಟೋಗೆ ಹಾರ್ನ್ ಕಟ್ಟಿ ಸುತ್ತಲಿನ ಊರುಗಳಿಗೆ ಸುದ್ದಿ ಹೇಳಿಕೊಂಡು ಬರುವುದು ನಮ್ಮ ಕೆಲಸಗಳಲ್ಲೊಂದು. ಒಂದು ಚೀಟಿಯಲ್ಲಿ ತೀರಿಕೊಂಡವರ ಹೆಸರು, ಹೇಳಿಸುತ್ತಿರುವವರ ಹೆಸರು ಎರಡನ್ನೂ ಬರೆದು ಕೊಟ್ಟಿದ್ದರು. ನಾನು ಓದುವುದು ನಿಧಾನ. ಆಟೋ ಕುಲುಕಾಟದಲ್ಲಿ ಬದುಕಿದ್ದವರನ್ನೇ ಸಾಯಿಸಿಬಿಟ್ಟೆ. ಬಸವಾಪಟ್ಟಣದ ಹತ್ತಿರ ಹೋಗಿ ತಿರುಗುವಷ್ಟರಲ್ಲಿ ಅವರ ಬೀಗರು ಹಾರ ಹಿಡಿದು ಅಳುತ್ತಾ ಅವರ ಮನೆ ಬಾಗಿಲಿಗೆ ಬಂದಿದ್ದರು. ಬಾಗಿಲು ತೆಗೆದದ್ದು ಅವರೇ!

"ಲೇ ಮೈಕಿನವ್ನೆ, ನನ್ನ ತಿಥಿ ಊಟಕ್ಕೂ ಹೇಳಿ ಹೋಗಪ್ಪ" ಎಂದು ಆ ಪುಣ್ಯಾತ್ಮ ನಕ್ಕುಬಿಟ್ಟರು. ನಾನು ಅದೇ ದಾರಿಯಲ್ಲಿ ಮತ್ತೆ ಹೋಗಿ, ತಪ್ಪಾಗಿದೆ, ತೀರಿಕೊಂಡವರು ಇಂಥವರು ಎಂದು ಹೇಳುತ್ತಾ ಬಂದೆ. ಮೊದಲ ಸಲ ಕೇಳಿದವರೆಲ್ಲ ಎರಡನೇ ಸಲ ಮನೆಯಲ್ಲಿರಲಿಲ್ಲ. ವರ್ಷಗಳಾದ ಮೇಲೂ ಸಂತೆಯಲ್ಲಿ ಆ ಮನುಷ್ಯನನ್ನು ನೋಡಿ ಬೆಚ್ಚಿಬಿದ್ದವರಿದ್ದರಂತೆ.

ಇಷ್ಟೆಲ್ಲ ಕಲಿತಿದ್ದೆ. ಇನ್ನು ಅಕ್ಕನ ವಿಷಯ.

ಅಕ್ಕನ ಗಂಡನ ಊರು ಜಗಳೂರಿನ ಕುರುಚಲು ಕಾಡಿನ ಅಂಚಿನಲ್ಲಿದೆ. ಅವಳ ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಆ ತಾಯಿ ಬೆಳಗಿನ ಲಿಂಗಪೂಜೆಗೆ ಕೂತಾಗ ಮಂತ್ರ ಹೇಳುತ್ತಿರಲಿಲ್ಲ, ವಚನ ಹಾಡುತ್ತಿರಲಿಲ್ಲ. ಪತ್ರೆಯ ಬುಟ್ಟಿ ಪಕ್ಕಕ್ಕಿಟ್ಟುಕೊಂಡು ಸುಮ್ಮನೆ ಕಿವಿಗೊಟ್ಟು ಕೂರುವರು. ಹೊಸದೊಂದು ದನಿ ಕೇಳಿದರೆ ಒಂದು ಪತ್ರೆ ಏರಿಸುವರು. ಕತ್ತಲಿರುವಾಗಲೇ ಕಾಜಾಣ ಕೂಗಿದರೆ ಮೊದಲ ಪತ್ರೆ. ಮುಳ್ಳುಕಂಟಿಯಿಂದ ಗೌಜಲಕ್ಕಿ ಕೂಗಿದರೆ ಇನ್ನೊಂದು. ಬೆಳವ, ಕೆಂಬೂತ, ದೂರದ ನವಿಲು, ಮಳೆಗಾಲದಲ್ಲಿ ಕಪ್ಪೆ, ಗಾಳಿಗೆ ಒಣ ಕಾಯಿ ಗಲಗಲ ಅನ್ನುವ ಬಾಗೆ ಮರ, ಎಲ್ಲಕ್ಕೂ ಒಂದೊಂದು. ಒಮ್ಮೆ ಕೇಳಿದ ದನಿಗೆ ಅಂದು ಮತ್ತೆ ಏರಿಸುವಂತಿಲ್ಲ. ಹೊಸ ದನಿ ಬಾರದೆ ಬಿಸಿಲು ಮೈಗೆ ತಾಗಿದರೆ ಪೂಜೆ ಮುಗಿಯಿತು. "ಹಾಡೋರು ಹಾಡ್ತಾ ಇದಾರೆ, ನಾವು ಎಲೆ ಏರ್ಸಿದ್ರೆ ಆತು" ಎನ್ನುವರಂತೆ. ಸೊಸೆಯಾಗಿ ಪಕ್ಕದಲ್ಲಿ ಕೂತು ಕೂತು ಅಕ್ಕನಿಗೂ ಅದೇ ಪೂಜೆಯಾಯಿತು.

ಗಂಡ ತೀರಿಕೊಂಡ ಮೇಲೆ ಅಕ್ಕ ನಮ್ಮೂರಿಗೆ ಬಂದಳು. ನಮ್ಮ ಮನೆಯಲ್ಲಿ ಇರು ಎಂದರೆ ಒಪ್ಪದೆ, ಕೆರೆಯ ಏರಿಯ ಕೆಳಗಿದ್ದ ನಮ್ಮ ಹಳೆಯ ಕೊಟ್ಟಿಗೆಯನ್ನು ಸಾರಿಸಿ, ಹೆಂಚು ಹೊದಿಸಿ ಅಲ್ಲೇ ಉಳಿದಳು. "ಇಲ್ಲಿ ನೀರಕ್ಕಿ ಜಾಸ್ತಿ ಅವೆ ಕಣೋ ಹಾಲೇಶಿ. ನಮ್ಮತ್ತೆ ಇದ್ದಿದ್ರೆ ಬುಟ್ಟಿ ತುಂಬ ಪತ್ರೆ ಸಾಲ್ತಿರಲಿಲ್ಲ" ಎಂದಳು. ಅವಳು ಅಷ್ಟು ಖುಷಿಯಾಗಿ ಮಾತಾಡಿದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಕ್ಯಾಸೆಟ್ಟಿನ ಕಾಲ ಬಂತು. ನಮ್ಮೂರ ಗುಡಿಯ ಸಮಿತಿಯವರು ಬೆಳಗಿನ ಹಾಡಿಗೆಂದು ಮೈಕ್ ಹಾಕಿಸಲು ತೀರ್ಮಾನ ಮಾಡಿದರು. ಸಮಿತಿಯ ಅಧ್ಯಕ್ಷರು ರುದ್ರಪ್ಪನವರು. "ನಮ್ಮೂರಿನವನೇ ಮೈಕಿನವನಿರಬೇಕಾದ್ರೆ ಬೇರೆಯವರು ಯಾಕೆ?" ಎಂದು ನನ್ನನ್ನೇ ಕರೆಸಿದರು. ನನಗೆ ನೆಲ ಕಾಣಲಿಲ್ಲ. ಗುಡಿಯ ಬೇವಿನ ಮರ ಹತ್ತಿ ಹಾರ್ನ್ ಕಟ್ಟಿದೆ. ಯಾವ ಕಡೆಗೆ? ಕೆರೆಯ ಕಡೆಗೆ. ಯಜಮಾನ್ರ ಪಾಠವನ್ನು ನಾನು ನನಗೆ ಬೇಕಾದಷ್ಟೇ ಬಳಸಿದೆ. ನೀರಿನ ಮೇಲೆ ಸದ್ದು ಜಾರುತ್ತದಲ್ಲ, ಆಚೆ ದಂಡೆಯ ಊರಿಗೂ ನಮ್ಮ ಗುಡಿಯ ಹಾಡು ಕೇಳಲಿ ಎಂದು. ಕೇಳಿತು. ಆ ಊರಿನವರು ಸಂತೆಯಲ್ಲಿ, "ಏನ್ರಪ್ಪ, ನಿಮ್ಮ ದೇವ್ರು ನಮ್ಮನ್ನೂ ಎಬ್ಬಿಸ್ತಾನಲ್ಲ" ಎಂದರೆ ರುದ್ರಪ್ಪನವರು ನನ್ನ ಬೆನ್ನು ತಟ್ಟುವರು.

ಗುಡಿಗೂ ಕೆರೆಗೂ ನಡುವೆ ಇದ್ದದ್ದು ಅಕ್ಕನ ಮನೆ.

ಕೆಲವು ದಿನಗಳಾದ ಮೇಲೆ ಅವಳು ನಮ್ಮ ಮನೆಗೆ ಬಂದಳು. ಕುಳಿತು ನೀರು ಕುಡಿದು, ಅದೂ ಇದೂ ಮಾತಾಡಿ, ಆಮೇಲೆ ಕೇಳಿದಳು.

"ಹಾಲೇಶಿ, ಆ ಹಾರ್ನ್ ಒಂಚೂರು ರೋಡಿನ ಕಡೀಗೆ ತಿರುಗ್ಸಾಕೆ ಆಗ್ತತೇನೋ?"

"ಯಾಕಕ್ಕ? ದೇವ್ರ ಹಾಡಲ್ಲವಾ?"

"ದೇವ್ರ ಹಾಡೇ. ಬ್ಯಾಡ ಅಂತ ಯಾರಂದ್ರು? ಆದ್ರೆ ಅವನ್ನ ಹಾಡಾಕೆ ಬಿಡಲ್ಲ ಅದು. ಕಾಜಾಣ ಒಂದು ಕೂಗ್ತೈತೆ, ಅಷ್ಟ್ರಾಗೆ ನಿನ್ನ ಕ್ಯಾಸೆಟ್ಟು ಶುರುವಾಗ್ತತೆ. ಕೈಯಾಗೆ ಪತ್ರೆ ಹಿಡ್ಕಂಡು ಸುಮ್ನೆ ಕೂತಿರ್ತೀನಿ. ಯಾರಿಗೆ ಏರ್ಸಲಿ?"

"ಹಾಡಿಗೇ ಏರ್ಸು."

ಅವಳು ನನ್ನ ಮುಖವನ್ನೇ ನೋಡಿದಳು. "ಅದು ದಿನಾ ಅದೇ ಹಾಡು ಕಣೋ. ಒಂದೇ ಪತ್ರೆಗೆ ಮುಗೀತು" ಎಂದಳು. ಗೇಲಿಗೆ ಹೇಳಿದ್ದಲ್ಲ. ಅವಳ ಪೂಜೆಯ ಕಟ್ಟಳೆ ಹಾಗಿತ್ತು.

ನೋಡೋಣ ಎಂದು ಕಳಿಸಿದೆ. ತಿರುಗಿಸಿದರೆ ಆಚೆ ಊರಿಗೆ ಕೇಳುವುದಿಲ್ಲ, ರುದ್ರಪ್ಪನವರು ಏನನ್ನುತ್ತಾರೋ ಎನ್ನುವುದೊಂದು. ನಾನು ಕಟ್ಟಿದ ಹಾರ್ನ್ ಅಷ್ಟು ದೂರ ಕೇಳುತ್ತದೆ ಎನ್ನುವ ಸೊಕ್ಕು ಇನ್ನೊಂದು. ಎರಡನೆಯದೇ ದೊಡ್ಡದು.

ಶ್ರಾವಣ ಸೋಮವಾರ ಗುಡಿಯ ಮುಂದೆ ಪ್ರಸಾದಕ್ಕೆ ಜನ ಸೇರಿದ್ದರು. ಅಕ್ಕ ಒಳಗೆ ಹೆಂಗಸರ ಜೊತೆ ಬಾಳೆಲೆ ತೊಳೆಯುತ್ತಿದ್ದಳು. ನಾನು ಆಂಪ್ಲಿಫೈಯರ್ ಮುಂದೆ ಕೂತಿದ್ದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ನಿಂಗಪ್ಪ ಪಕ್ಕದಲ್ಲಿದ್ದ. ಅಕ್ಕ ಕೇಳಿದ್ದನ್ನು ಅವನಿಗೆ ಹೇಳಿದ್ದೆ. ಅವನು ತಮಾಷೆಗೆ ಕೇಳಿದ, "ಏನೋ, ನಿಮ್ಮಕ್ಕಗೆ ಹಾರ್ನ್ ತಿರುಗ್ಸಿ ಕೊಟ್ಯಾ?"

"ತಿರುಗ್ಸೋದೇನು ಬಂತೋ? ನಮ್ಮಕ್ಕನ ಮನ್ಯಾಗೆ ಕಾಗೇನೇ ಐನೋರು, ಕಪ್ಪೇನೇ ಭಜನೆ ಮೇಳ. ಗುಡಿ ಯಾಕೆ ಬೇಕು ಆಕಿಗೆ!"

ಮಾತು ಬೇವಿನ ಮರದ ಮೇಲಿಂದ ಹೊರಟು ಊರ ಮೇಲೆ ಹಾದು ಕೆರೆಯ ಆಚೆಗೂ ಹೋಯಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕ ಒಳಗಿನಿಂದ ಬಾಗಿಲಿಗೆ ಬಂದು ನೋಡಿ, ಮತ್ತೆ ಒಳಗೆ ಹೋದಳು. ಬಾಳೆಲೆ ತೊಳೆದು ಮುಗಿಸಿಯೇ ಮನೆಗೆ ಹೋದಳು.

ಸಂಜೆ ಅವಳಲ್ಲಿಗೆ ಹೋಗಿ, "ಮೈಕ್ ಆನ್ ಇದ್ದದ್ದು ಗೊತ್ತಾಗ್ಲಿಲ್ಲಕ್ಕ" ಎಂದೆ.

"ಇರ್ಲಿ ಬಿಡು. ಗೊತ್ತಿಲ್ದಂಗೆ ಆತು" ಎಂದಳು.

ಈ ಕೆಲಸಕ್ಕೆ ಬರುವವರಿಗೆ ಗೊತ್ತಿರಲಿ: ಮೈಕಿನವನಿಗೆ ಮೈಕ್ ಆನ್ ಇದ್ದದ್ದು ತಿಳಿಯಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಣ್ಣೆದುರು ಕೆಂಪು ದೀಪ ಉರಿಯುತ್ತಿರುತ್ತದೆ. ದೀಪ ನೋಡದಿದ್ದರೂ ಹಾರ್ನಿನಲ್ಲಿ ಒಂದು ಸಣ್ಣ ಉಸಿರಿನಂಥ ಸದ್ದು ಇದ್ದೇ ಇರುತ್ತದೆ, ಅದು ನಮ್ಮ ಕಿವಿಗೆ ಮಾತ್ರ ಸಿಗುತ್ತದೆ. ಅಂದು ದೀಪ ಉರಿಯುತ್ತಿತ್ತು. ಆ ಸದ್ದೂ ಇತ್ತು. ಮಾತು ಆಡುವ ಮುಂಚೆ ನಾನು ಮೈಕಿನ ಕತ್ತನ್ನು ನನ್ನ ಬಾಯಿಯ ಕಡೆಗೆ ಒಂಚೂರು ಬಗ್ಗಿಸಿಕೊಂಡಿದ್ದೆ.

ಅಕ್ಕನಿಗೆ ಅಡ್ಡಹೆಸರು ಬಿತ್ತು. ಕಾಗೆ ಐನೋರಮ್ಮ. ನೀರಿಗೆ ಹೋದರೆ ಯಾರಾದರೂ "ಐನೋರು ಬಂದ್ರು" ಎಂದು ಕಾ ಕಾ ಅನ್ನುವರು. ಅವಳು ಕೊಡ ತುಂಬಿಕೊಂಡು ಬರುವಳು. ಬೆಳಗಾಗುವ ಮುಂಚೆ ಬುಟ್ಟಿ ಹಿಡಿದು ಆಚೆ ದಂಡೆಗೆ ನಡೆದು ಹೋಗಿ ಪೂಜೆಗೆ ಕೂರತೊಡಗಿದಳು. ನೀರಿನ ಮೇಲೆ ಜಾರಿ ನನ್ನ ಹಾಡು ಅಲ್ಲಿಗೂ ಹೋಗುತ್ತಿತ್ತು. ಆಮೇಲೆ ಇನ್ನೂ ದೂರ, ದಿಣ್ಣೆ ಹತ್ತಿ ಅದರ ಬೆನ್ನಿನ ಮರೆಯಲ್ಲಿ ಕೂರುವಳು. ನನ್ನ ಹೆಂಡತಿ ಒಮ್ಮೆ, "ಪಾರಕ್ಕ ಅಷ್ಟು ದೂರ ಯಾಕೆ ಹೋಗ್ತಾರೆ, ಹಾವು ಹುಳ ಇರ್ತಾವೆ" ಎಂದಾಗ, "ವಾಕಿಂಗ್ ಬಿಡು" ಎಂದಿದ್ದೆ.

ಕೆಲಸ ಬದಲಾಗುತ್ತಾ ಹೋಯಿತು. ಪ್ಲೇಟು ಹೋಗಿ ಕ್ಯಾಸೆಟ್ಟು, ಕ್ಯಾಸೆಟ್ಟು ಹೋಗಿ ಸಿಡಿ, ಆಮೇಲೆ ಪೆನ್‌ಡ್ರೈವ್. ಮುಳ್ಳು ಬದಲಿಸುವುದು, ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ಹಾಕಿ ಸುತ್ತುವುದು, ಇವೆಲ್ಲ ಈಗಿನವರಿಗೆ ಕಥೆ. ಯಜಮಾನ್ರು ತೀರಿಕೊಂಡರು. ಅವರ ಅಳಿಯ ಹಾರ್ನುಗಳನ್ನು ಮೂಲೆಗೆ ಹಾಕಿ ಡಿಜೆ ಬಾಕ್ಸ್ ತಂದ. ಮೆರವಣಿಗೆಯಲ್ಲಿ ಬಾಕ್ಸ್ ಹೇರಿದ ಲಾರಿಯ ಮೇಲೆ ನಿಂತರೆ ಎದೆ ತಾನಾಗಿ ಅದುರುತ್ತಿತ್ತು. ಮನೆಗಳ ಕಿಟಕಿ ನಡುಗಿದರೆ ಜನ ಕುಣಿಯುವರು. ಕಿವಿಗೆ ಹತ್ತಿ ಇಟ್ಟುಕೊಳ್ಳುವುದು ಅವಮಾನ ಎಂದುಕೊಂಡಿದ್ದೆವು. ನೀವು ಹಾಗೆ ಮಾಡಬೇಡಿ.

ಆ ನಡುವೆ ಒಮ್ಮೆ ಜಗಳೂರು ಕಡೆಗೆ ಒಂದು ಗೃಹಪ್ರವೇಶಕ್ಕೆ ಸೆಟ್ ಹಾಕಲು ಹೋದೆ. ಅದು ಅಕ್ಕನ ಗಂಡನ ಊರಿನ ಪಕ್ಕದ ಹಳ್ಳಿ. ಬೆಳಗಿನ ಜಾವ ಹಾಡು ಹಾಕಬೇಕು, ಕರೆಂಟಿಲ್ಲ. ಬ್ಯಾಟರಿ ನೋಡಿದರೆ ಅದೂ ಇಳಿದಿತ್ತು. ಮನೆಯವರು ಬೈದರು, ನಾನು ಕೈಕಟ್ಟಿಕೊಂಡು ಅಂಗಳದ ಆಚೆಗೆ ಬಂದು ನಿಂತೆ. ಅಲ್ಲಿ ಕಲ್ಲಿನ ಮೇಲೆ ಒಬ್ಬ ಮುದುಕಿ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಅಕ್ಕನ ನಾದಿನಿ ಹೊನ್ನಮ್ಮ. ಮದುವೆಯಲ್ಲಿ ನೋಡಿದ್ದು, ಅವರೇ ಗುರುತು ಹಿಡಿದರು.

"ಪಾರವ್ವನ ತಮ್ಮಲ್ಲವಾ ನೀನು? ಕೂತ್ಕೊ. ಮಾತಾಡಬ್ಯಾಡ."

ಕೂತೆ. ಆಗಲೇ ನಾನು ಮೊದಲ ಸಲ ಕೇಳಿದ್ದು. ಅಷ್ಟು ವರ್ಷ ಬೆಳಗಿನ ಜಾವ ಎದ್ದಿದ್ದೇನೆ, ಆದರೆ ಎದ್ದ ಕೂಡಲೇ ಸ್ವಿಚ್ ಹಾಕಿದವನು ನಾನು. ಕಾಜಾಣ ಮೊದಲು ಎರಡು ಬಗೆಯಲ್ಲಿ ಕೂಗಿ ನಿಲ್ಲಿಸಿತು. ಅದು ನಿಲ್ಲಿಸಿದ ಜಾಗಕ್ಕೆ ಗೌಜಲಕ್ಕಿ ಬಂತು. ದನಿ ಬೆರೆಸುವ ಮಿಕ್ಸರ್ ಮುಂದೆ ಕೂತವರಿಗೆ ನಾನು ಹೇಳುವುದು ತಿಳಿಯುತ್ತದೆ. ಒಂದರ ದನಿಯ ಮೇಲೆ ಇನ್ನೊಂದು ಕೂರುತ್ತಿರಲಿಲ್ಲ. ಬೆಳವ ಕೆಳಗಿನ ದನಿಯಲ್ಲಿ ಒಂದೇ ಸಮನೆ ಹಿಡಿದುಕೊಂಡಿತ್ತು, ಸಣ್ಣ ಹಕ್ಕಿಗಳು ಮೇಲಿನ ಚೂಪು ದನಿಯಲ್ಲಿ, ನಡುವಿನಲ್ಲಿ ಬೇಲಿಯ ಗಾಳಿ. ನಮ್ಮ ಮೈಕಿನ ಹಾಗೆ ಸೀಟಿ ಹೊಡೆಯುವುದಿಲ್ಲ, ಗೊರಗೊರ ಇಲ್ಲ. ಎಲ್ಲಕ್ಕೂ ಜಾಗವಿತ್ತು. ನಾವು ಅಷ್ಟೆಲ್ಲ ಗುಂಡಿ ತಿರುಗಿಸಿ ಮಾಡಲಾರದ್ದನ್ನು ಅವು ಯಾರ ಅಪ್ಪಣೆಯೂ ಇಲ್ಲದೆ ಮಾಡುತ್ತಿದ್ದವು. ಹೊನ್ನಮ್ಮನ ಕೈ ಬುಟ್ಟಿಗೂ ಲಿಂಗಕ್ಕೂ ನಡುವೆ ಓಡಾಡುತ್ತಿತ್ತು. ಬಿಸಿಲು ಬಂದ ಮೇಲೆ ನೋಡಿದರೆ ಲಿಂಗ ಕಾಣದಷ್ಟು ಪತ್ರೆ.

"ನಿಮ್ಮಕ್ಕ ಅಲ್ಲಿ ಹಿಂಗೇ ಏರಿಸ್ತಾಳಾ?" ಎಂದು ಕೇಳಿದರು.

"ಹ್ಞೂಂ, ಏರಿಸ್ತಾಳ್ರೀ."

"ಕೆರೆ ಪಕ್ಕ ಅಂತಿದ್ಲು. ಪುಣ್ಯವಂತೆ."

ಊರಿಗೆ ಬಂದ ದಿನವೇ ಹಾರ್ನ್ ತಿರುಗಿಸಬೇಕು ಎಂದು ಬಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ. ಬಸ್ ಇಳಿದರೆ ಸ್ಟ್ಯಾಂಡಿನಲ್ಲಿ ರುದ್ರಪ್ಪನವರು ಸಿಕ್ಕರು. "ಹಾಲೇಶಿ, ಹಾರ್ನ್ ಹಳೇದಾತು, ಕೆರೆ ಕಡೀಗೆ ಇನ್ನೊಂದು ಹೊಸಾದು ಹಾಕಪ್ಪ" ಎಂದರು. ಹಾಕಿದೆ. ಬೇಡ ಅನ್ನಬೇಕಾದರೆ ಅಕ್ಕನ ಪೂಜೆಯ ಬಗ್ಗೆ ಹೇಳಬೇಕಿತ್ತು. ನಾನೇ ನಗೆಪಾಟಲು ಮಾಡಿದ ಪೂಜೆಯ ಪರವಾಗಿ ನಾನೇ ನಿಂತು ಮಾತಾಡಬೇಕಿತ್ತು. ಬಾಯಿ ಬರಲಿಲ್ಲ.

ಈಗ ಕೆಲಸ ಬಿಟ್ಟು ಕೆಲವು ವರ್ಷಗಳಾದವು. ಬಿಟ್ಟದ್ದು ಕಿವಿಯ ದೆಸೆಯಿಂದ. ಸದಾ ಗುಂಯ್ ಅನ್ನುತ್ತದೆ. ದಾವಣಗೆರೆಯ ಡಾಕ್ಟರು ಪರೀಕ್ಷೆ ಮಾಡಿ, ದಪ್ಪ ದನಿ ಒಂದಿಷ್ಟು ಉಳಿದಿದೆ, ಸಣ್ಣ ಚೂಪು ದನಿಗಳು ಇನ್ನು ಬರುವುದಿಲ್ಲ, ಹಕ್ಕಿಪಕ್ಕಿ ಕೇಳಿಸಲಿಕ್ಕಿಲ್ಲ ಎಂದರು. ಕಿವಿಗೆ ಒಂದು ಮಿಷಿನ್ ಕೊಟ್ಟಿದ್ದಾರೆ. ಎದುರು ಕೂತು ಮಾತಾಡಿದರೆ ತಿಳಿಯುತ್ತದೆ. ನಾನು ಮಾತಾಡುವುದು ಮಾತ್ರ ಬೇರೆಯವರಿಗೆ ಕಿರುಚಿದ ಹಾಗೆ ಕೇಳುತ್ತದಂತೆ.

ಅಕ್ಕನಿಗೆ ಮಂಡಿ ಹೋಗಿದೆ. ದಿಣ್ಣೆಯ ತನಕ ನಡೆಯುವುದು ನಿಂತು ಹೋಯಿತು. ಮಗ ಹಾಲು ಕರೆದು ಕೊಟ್ಟರೆ ಅವಳ ಮನೆಗೆ ಬೆಳಿಗ್ಗೆ ಒಯ್ದು ಕೊಡುವುದು ನನ್ನ ಕೆಲಸ. ಮೊನ್ನೆ ಬೇಸಿಗೆ ಶುರುವಾಗುವ ಹೊತ್ತಿಗೆ ಒಂದು ದಿನ ಎಚ್ಚರವಾಗಿ ಬೇಗ ಹೋದೆ. ಬಾಗಿಲು ತೆರೆದೇ ಇತ್ತು. ಗುಡಿಯ ಹಾಡು ಜೋರಾಗಿತ್ತು, ನನ್ನಂಥವನಿಗೂ ಕೇಳುವಷ್ಟು. ಅಕ್ಕ ಪೂಜೆಗೆ ಕೂತಿದ್ದಳು. ಬಲಗೈಯಲ್ಲಿ ಒಂದು ಪತ್ರೆ. ಕತ್ತು ಒಂದು ಕಡೆಗೆ ವಾಲಿಸಿ ಕಿವಿಗೊಟ್ಟು ಕೂತಿದ್ದಾಳೆ. ಕೈ ಹಾಗೇ ಇದೆ, ಇಳಿಯುತ್ತಿಲ್ಲ. ಹಾಡು ಮುಗಿದು ಇನ್ನೊಂದು ಶುರುವಾಯಿತು. ಬಿಸಿಲು ಹೊಸ್ತಿಲು ದಾಟಿ ಅವಳ ಸೀರೆಗೆ ತಾಗಿತು. ಅವಳು ಆ ಪತ್ರೆಯನ್ನು ಬುಟ್ಟಿಗೆ ವಾಪಸ್ ಹಾಕಿ, ಬರಿ ಲಿಂಗಕ್ಕೆ ಕೈಮುಗಿದು, ಬುಟ್ಟಿಯ ಮೇಲೆ ಒದ್ದೆ ಬಟ್ಟೆ ಮುಚ್ಚಿದಳು.

ಹಾಲನ್ನು ಹೊಸ್ತಿಲಲ್ಲಿಟ್ಟು ನಾನು ನೇರ ಗುಡಿಗೆ ಹೋದೆ.

ಸಮಿತಿಗೆ ಈಗ ರುದ್ರಪ್ಪನವರ ಮಗ ಶಿವಕುಮಾರ ಅಧ್ಯಕ್ಷ. ಒಳ್ಳೆಯ ಹುಡುಗ, ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದಾನೆ.

"ಹಾರ್ನ್ ಇಳಿಸಬೇಕಪ್ಪ. ಒಳಗೆ ಒಂದು ಸಣ್ಣ ಬಾಕ್ಸ್ ಹಾಕ್ಕೊಡ್ತೀನಿ. ಗುಡಿಗೆ ಬಂದೋರಿಗೆ ಕೇಳಿದ್ರೆ ಸಾಕು" ಎಂದೆ.

"ಮೆಲ್ಲಕೆ ಹೇಳು ದೊಡ್ಡಪ್ಪ, ನಾನು ಇಲ್ಲೇ ಇದೀನಿ. ಯಾಕೆ ಇಳಿಸ್ಬೇಕು? ನೀನೇ ಕಟ್ಟಿದ್ದಲ್ಲವಾ?"

"ಅಕ್ಕನ ಪೂಜೆಗೆ ತೊಂದ್ರೆ ಆಗ್ತತೆ."

"ಯಾವ ಅಕ್ಕ? ಓ, ಕಾಗೆ ಐನೋರಮ್ಮನಾ?"

ಅವನ ಮುಖದಲ್ಲಿ ನಗು ಇರಲಿಲ್ಲ. ಅವನು ಹುಟ್ಟುವ ಮುಂಚಿನಿಂದ ಇದ್ದ ಹೆಸರು ಅದು. ಮಡಿವಂತಿಕೆಯವರನ್ನು ಐನೋರಮ್ಮ ಅನ್ನುವ ಹಾಗೆ ಗೌರವದ್ದೇ ಇರಬೇಕು ಎಂದುಕೊಂಡಿದ್ದನಂತೆ. "ಆಯಮ್ಮನ ಹೆಸ್ರು ಅದಲ್ಲವಾ?" ಎಂದು ಕೇಳಿದ.

"ಅಲ್ಲ. ಪಾರ್ವತಮ್ಮ ಅಂತ. ಆ ಕಾಗೆ ಹೆಸ್ರು ಬರಂಗೆ ಮಾಡಿದೋನು ನಾನು."

ಗುಡಿಯಲ್ಲಿ ಒಂದಿಬ್ಬರು ಭಕ್ತರಿದ್ದರು. ಅವರ ಎದುರಿಗೇ ಹೇಳಿದೆ. ಕೆಂಪು ದೀಪದ ವಿಷಯವನ್ನೂ ಹೇಳಿದೆ. ಶಿವಕುಮಾರ, "ಪೊಲೀಸ್ರೂ ಬೆಳಿಗ್ಗೆ ಹಾರ್ನ್ ಹಾಕಬ್ಯಾಡ್ರಿ ಅಂತ ಹೇಳ್ತಾನೇ ಇದಾರೆ. ಇಳ್ಸು ದೊಡ್ಡಪ್ಪ, ಯಾರಾದ್ರೂ ಕೇಳಿದ್ರೆ ನಾನು ಹೇಳ್ಕೊಂತೀನಿ" ಎಂದ. ಇಷ್ಟು ಸುಲಭವಾಗಿ ಆಗುವ ಕೆಲಸ ಇದು ಎಂದು ತಿಳಿದಾಗ ನನಗೆ ಸಮಾಧಾನವಾಗಲಿಲ್ಲ.

ಮರ ಹತ್ತಲು ನನ್ನಿಂದ ಆಗುವುದಿಲ್ಲ. ನಿಂಗಪ್ಪನನ್ನು ಕರೆಸಿದೆ. ಅವನಿಗೂ ವಯಸ್ಸಾಗಿದೆ, ಏಣಿ ಹಾಕಿಕೊಂಡು, ನನಗೆ ಬೈದುಕೊಂಡು ಹತ್ತಿದ. "ಆವತ್ತು ನಾನು ಕೇಳಬಾರ್ದಿತ್ತು ಕಣೋ" ಎಂದ ಮೇಲಿನಿಂದ.

"ಕೇಳಿದ್ದು ನೀನು. ಆಡಿದ್ದು ನಾನು. ಬಿಚ್ಚು."

ಮಾರನೆಯ ಬೆಳಿಗ್ಗೆ ಕತ್ತಲಿರುವಾಗಲೇ ಅಕ್ಕನ ಮನೆಗೆ ಹೋದೆ. ಅವಳು ಏರಿಯ ಕಡೆಗೆ ಮುಖ ಮಾಡಿ ಕೂತು, ಹಾಡು ಶುರುವಾಗುವುದಕ್ಕೆ ಕಾಯುತ್ತಿದ್ದಳೋ ಏನೋ, ಇನ್ನೂ ಪತ್ರೆ ಕೈಗೆತ್ತಿಕೊಂಡಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಹಾಡು ಬರಲಿಲ್ಲ. ಅವಳು ನನ್ನನ್ನು ನೋಡಿದಳು. ನಾನು ನೆಲ ನೋಡಿದೆ. ಆಮೇಲೆ ಅವಳ ಕೈ ಬುಟ್ಟಿಗೆ ಹೋಯಿತು, ಒಂದು ಪತ್ರೆ ಏರಿತು. ನನಗೆ ಏನೂ ಕೇಳಿಸಲಿಲ್ಲ. ಇನ್ನೊಂದು ಏರಿತು. ಅದೂ ಕೇಳಿಸಲಿಲ್ಲ. ಅವಳ ಬೆರಳುಗಳು ಬೇಗ ಬೇಗ ಓಡತೊಡಗಿದವು. ಎಷ್ಟೋ ವರ್ಷ ಕಾದವರೆಲ್ಲ ಒಟ್ಟಿಗೆ ಬಂದರೇನೋ ಅನ್ನುವ ಹಾಗೆ ಅವಳು ಒಂದೊಂದಕ್ಕೂ ತಲೆಯಾಡಿಸುತ್ತಿದ್ದಳು. ನನಗೆ ದಕ್ಕಿದ್ದು ಒಂದೇ, ಬೇಲಿಯ ಕೆಂಬೂತದ ಗುಪ್ ಗುಪ್. ಅದಕ್ಕೆ ಏರಿಸಿದ ಪತ್ರೆ ಯಾವುದು ಎಂದು ನನಗೂ ತಿಳಿಯಿತು. ಮಿಕ್ಕ ಎಲ್ಲವನ್ನೂ ಅವಳ ಕೈ ನೋಡಿ ಕೇಳಿಸಿಕೊಂಡೆ.

ಬಿಸಿಲು ಬರುವ ಮುಂಚೆ ಹೇಳಿಬಿಡಬೇಕು ಅನ್ನಿಸಿತು. ಬಂದ ಮೇಲೆ ಅವಳು ಎದ್ದು ಒಲೆ ಹಚ್ಚುತ್ತಾಳೆ, ನಾನು ಹಾಲು ಕೊಟ್ಟು ಹೋಗುತ್ತೇನೆ, ಅಷ್ಟೆ ಆಗುತ್ತದೆ.

"ಅಕ್ಕ" ಎಂದೆ.

ಅವಳು ಬೆಚ್ಚಿ ಬೆರಳನ್ನು ತುಟಿಯ ಮೇಲಿಟ್ಟುಕೊಂಡಳು. ಬಾಯಿಯನ್ನು ನನ್ನ ಮಿಷಿನ್ ಹತ್ತಿರ ತಂದು ಹೇಳಿದಳು, "ಸಣ್ಣಕೆ ಹೇಳೋ. ಕೂಗಿದ್ರೆ ಹಾರಿ ಹೋಗ್ತಾವೆ."

ಸಣ್ಣಗೆ ಮಾತಾಡುವುದು ನನಗೆ ಗೊತ್ತಿಲ್ಲದ ವಿದ್ಯೆ. ಉಸಿರು ಕಡಿಮೆ ಮಾಡಿಕೊಂಡೆ, ಗಂಟಲು ಇಳಿಸಿದೆ, ಮತ್ತೂ ಇಳಿಸಿದೆ. ಕಡೆಗೆ ನನ್ನ ದನಿ ನನಗೇ ಕೇಳದ ಹಾಗಾಯಿತು. ತುಟಿ ಆಡುತ್ತಿದೆ ಎನ್ನುವುದಷ್ಟೇ ಗೊತ್ತು. ಅವಳು ಕತ್ತು ವಾಲಿಸಿ ಕಿವಿಗೊಟ್ಟಿದ್ದಳು. ಹಾಗಾಗಿ ಹೇಳಿದೆ.

"ಆವತ್ತು ಮೈಕ್ ಆನ್ ಐತೆ ಅಂತ ನಂಗೆ ಗೊತ್ತಿತ್ತಕ್ಕ. ಗೊತ್ತಿದ್ದೇ ಅಂದೆ. ತಪ್ಪಾತು."